ತುಂಗಿಯ ಮುಖ, ತುಂಗಿಯ ಮಾತು

ಬೆಂಗಳೂರು
12 ಮೇ 2025

ಶ್ರೀಮತಿ ಜಾಹ್ನವಿ ಅವರಿಗೆ,

ನಮಸ್ಕಾರ. ನಾನು ಉಷಾ, ಡಬ್ಬಿಂಗ್ ಕಲಾವಿದೆ. ನೀವು ಐದು ವರ್ಷದ ಮಗುವಾಗಿ ತುಂಗಿಯ ಪಾತ್ರ ಮಾಡಿದಾಗ ಆ ಮಗುವಿಗೆ ಮಾತು ಕೊಟ್ಟವಳು. ತುಂಗಿಯ ಮೂರೂ ಚಿತ್ರಗಳಿಗೆ ನನ್ನದೇ ಧ್ವನಿ. ನಾವಿಬ್ಬರೂ ಎದುರಾದದ್ದು ಒಂದೇ ಸಲ, ಶತದಿನೋತ್ಸವದ ವೇದಿಕೆಯ ಮೇಲೆ. ಆಗ ನೀವು ತಂದೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಿರಿ. ನಿಮಗೆ ನೆನಪಿರಲಾರದು.

ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಆಶ್ಚರ್ಯವಾಗಬಹುದು. ನಾನು ಈಚೆಗೆ ಗುರುತಿಲ್ಲದವರೊಡನೆ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟಿದ್ದೇನೆ. ಒಂದು ನಿಮಿಷ ಮಾತಾಡಿದರೆ ಸಾಕು, ಅದನ್ನಿಟ್ಟುಕೊಂಡು ನಾವು ಆಡದ ಮಾತನ್ನೂ ನಮ್ಮ ಬಾಯಲ್ಲಿ ಆಡಿಸುತ್ತಾರಂತೆ. ಧ್ವನಿಯನ್ನೇ ನಂಬಿ ಬದುಕಿದವಳಿಗೆ ಇದು ಸಣ್ಣ ಭಯವಲ್ಲ.

ವಿಷಯಕ್ಕೆ ಬರುತ್ತೇನೆ. ನಿರ್ಮಾಪಕ ರಾಮಪ್ರಸಾದ್ ಮನೆಗೆ ಬಂದಿದ್ದರು. ತುಂಗಿಯನ್ನು ಮತ್ತೆ ತೆರೆಗೆ ತರುತ್ತಾರಂತೆ. ಬೇರೆ ಮಗುವನ್ನು ಹಾಕಿಕೊಂಡಲ್ಲ, ಅದೇ ತುಂಗಿಯನ್ನು ಎಐನಿಂದ ತಯಾರು ಮಾಡಿ. “ಜಾಹ್ನವಿ ಒಪ್ಪಿಯಾಯ್ತು ಮೇಡಂ. ಮುಖ ಬಂತು, ಇನ್ನು ನಿಮ್ಮ ಮಾತು ಬಂದ್ರೆ ಮುಗೀತು” ಎಂದರು.

ನೀವು ಒಪ್ಪಿದ್ದು ನಿಜವೇ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಇಂತಿ,
ಉಷಾ


ಕಾವಾಸಾಕಿ
2 ಜೂನ್ 2025

ಉಷಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನನ್ನ ವಿಳಾಸ ನಿಮಗೆ ಕೊಟ್ಟವರು ಯಾರು ಎಂದು ನೀವು ಬರೆದಿಲ್ಲ. ಬರೆಯದೆ ಇದ್ದದ್ದನ್ನು ಮೊದಲು ಗಮನಿಸಿದೆ.

ರಾಮಪ್ರಸಾದ್ ಅವರ ಅಕ್ಕನ ಮಗ ಅಭಿಷೇಕ ಇಲ್ಲೇ ಪಕ್ಕದ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯ ಮಾಡಿಕೊಂಡು, ನನಗೂ ಇದೇ ಕಥೆ ಹೇಳಿದ. ಒಂದೇ ವ್ಯತ್ಯಾಸ. ಸಹಿ ಹಾಕಿದವರು ನೀವು ಎಂದ. “ಉಷಾ ಮೇಡಂ ಆಗ್ಲೇ ಸೈನ್ ಮಾಡಿದಾರೆ, ನಿಮ್ದೊಂದೇ ಪೆಂಡಿಂಗ್” ಎನ್ನುವುದು ಅವನ ಮಾತು. ಈಗ ನೀವೇ ಬರೆದು ನನ್ನನ್ನು ವಿಚಾರಿಸುತ್ತಿದ್ದೀರಿ. ಇದು ನಿಮ್ಮ ಪ್ರಶ್ನೆಯೋ, ಅವರು ನಿಮ್ಮಿಂದ ಕೇಳಿಸುತ್ತಿರುವ ಪ್ರಶ್ನೆಯೋ ಗೊತ್ತಿಲ್ಲ. ನೀವು ಹೌದು ಇಲ್ಲ ಎರಡರಲ್ಲಿ ಒಂದು ಬರೆಯಿರಿ ಎಂದಿರಿ. ಯಾವುದನ್ನು ಬರೆದರೂ ಅದು ನನ್ನ ಕೈಬರಹವಾಗುತ್ತದೆ. ಹಾಗಾಗಿ ಎರಡನ್ನೂ ಬರೆಯುವುದಿಲ್ಲ.

ನಾನೀಗ ನಟಿಯಲ್ಲ. ಗಂಡ, ಮಗಳು, ಮನೆ, ಮಗಳ ಶಾಲೆ, ಇಷ್ಟೇ ನನ್ನ ದಿನ. ಸಿನಿಮಾದವರು ನನ್ನನ್ನು ಬಿಟ್ಟುಬಿಟ್ಟರೆ ಉಪಕಾರ.

ಜಾಹ್ನವಿ


ಬೆಂಗಳೂರು
16 ಜೂನ್ 2025

ಜಾಹ್ನವಿ ಅವರಿಗೆ,

ನಿಮ್ಮ ವಿಳಾಸ ಸಿಕ್ಕಿದ್ದು ಆ ಅಭಿಷೇಕ ಕಳಿಸಿದ ಲಕೋಟೆಯಿಂದಲೇ ಇರಬೇಕು. ರಾಮಪ್ರಸಾದ್ ತೋರಿಸಿದ ಲಕೋಟೆಯ ಹಿಂದೆ ಕಳಿಸಿದವರು ಎಂದು ನಿಮ್ಮ ಹೆಸರು, ವಿಳಾಸ ಇತ್ತು. “ನೋಡಿ, ಜಪಾನಿಂದ ಬಂದಿದೆ” ಎಂದು ಲಕೋಟೆ ತೋರಿಸಿದರೇ ಹೊರತು ಒಳಗಿದ್ದದ್ದನ್ನು ತೋರಿಸಲಿಲ್ಲ. ಅವರು ನೀರು ಕುಡಿಯುವಷ್ಟರಲ್ಲಿ ನಾನು ವಿಳಾಸ ಬರೆದುಕೊಂಡೆ. ನನಗೂ ಅನುಮಾನವಿತ್ತು, ಆದ್ದರಿಂದಲೇ ನಿಮಗೆ ಬರೆದೆ. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿಮ್ಮ ಪತ್ರದಲ್ಲಿ ನಾನೂ ಒಂದನ್ನು ಗಮನಿಸಿದೆ. ನಟಿಯಲ್ಲ, ಗೃಹಿಣಿ ಎಂದು ಬರೆದಿದ್ದೀರಿ. ಆದರೆ ನೀವು ಜಪಾನಿ ಸಿನಿಮಾ ಒಂದರಲ್ಲಿ ಮುಖ್ಯ ಪಾತ್ರ ಮಾಡುತ್ತಿದ್ದೀರಿ ಎಂದು ರಾಮಪ್ರಸಾದ್ ಹೇಳುತ್ತಾರೆ. ಅದು ಸುಳ್ಳಾದರೆ ಅವರು ಸುಳ್ಳುಗಾರರು. ನಿಜವಾದರೆ ನೀವು ನನ್ನಿಂದ ಮುಚ್ಚಿಟ್ಟದ್ದೇಕೆ?

ಇನ್ನೊಂದು ಮಾತು. ಹನ್ನೊಂದು ವರ್ಷದ ಹಿಂದೆ ಪತ್ರಿಕೆಯೊಂದರಲ್ಲಿ ನಿಮ್ಮ ಸಂದರ್ಶನ ಓದಿದ್ದೆ. ತುಂಗಿಯದು “ಬಾಡಿಗೆ ಧ್ವನಿ” ಎಂದಿದ್ದಿರಿ. ಪತ್ರಿಕೆಯವರು ತಿರುಚಿ ಬರೆದರೋ ನೀವೇ ಹಾಗೆ ಹೇಳಿದಿರೋ ಎಂದು ಇಷ್ಟು ದಿನ ಕೇಳಲು ಸಂದರ್ಭ ಬಂದಿರಲಿಲ್ಲ.

ಉಷಾ


ಕಾವಾಸಾಕಿ
20 ಜುಲೈ 2025

ಉಷಾ ಅವರಿಗೆ,

ಉತ್ತರಿಸಬಾರದು ಎಂದುಕೊಂಡಿದ್ದೆ. ಒಂದು ತಿಂಗಳು ಉತ್ತರಿಸಲೂ ಇಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆ ಅಡುಗೆ ಮಾಡುವಾಗಲೂ ರೈಲಿನಲ್ಲಿ ನಿಂತಿರುವಾಗಲೂ ಬಂದು ಚುಚ್ಚುತ್ತಿತ್ತು.

ಹೌದು, ಹಾಗೆ ಹೇಳಿದ್ದು ನಾನೇ. ಯಾಕೆ ಹೇಳಿದೆ ಎಂಬುದೂ ನಿಮಗೆ ಗೊತ್ತಿರಬೇಕು.

ನಾಯಕಿಯಾಗಿ ನನ್ನ ಮೊದಲ ಚಿತ್ರ ಬಿಡುಗಡೆಯಾದ ದಿನ ಗಾಂಧಿನಗರದ ಥಿಯೇಟರಿನಲ್ಲಿ ಕೂತಿದ್ದೆ. ನನಗೆ ಇಪ್ಪತ್ತು ವರ್ಷ. ತೆರೆಯ ಮೇಲೆ ನನ್ನ ಮುಖ ಬಂದಾಗ ಜನ ಸಿಳ್ಳೆ ಹೊಡೆದರು, “ತುಂಗೀ” ಎಂದು ಕೂಗಿದರು. ಆಮೇಲೆ ನಾನು ಬಾಯಿ ಬಿಟ್ಟೆ. ನನ್ನದು ದಪ್ಪ ಗಂಟಲು, ಸ್ವಲ್ಪ ಒಡಕು. ಹಿಂದಿನ ಸಾಲಿನಿಂದ ಯಾರೋ “ತುಂಗಿಗೆ ಶೀತ ಆಗಿದೆ ಕಣ್ರೋ” ಎಂದ. ಇಡೀ ಥಿಯೇಟರ್ ನಕ್ಕಿತು. ಆಮೇಲೆ ನಾನು ಅತ್ತರೂ ನಕ್ಕರು, ನಾಯಕನಿಗೆ ಬೈದರೂ ನಕ್ಕರು. ಚಿತ್ರ ಮುಂದಿನ ಶುಕ್ರವಾರವನ್ನು ನೋಡಲಿಲ್ಲ.

ಆ ಚಿತ್ರಕ್ಕೂ ನಿರ್ಮಾಪಕರಾಗಿದ್ದ ರಾಮಪ್ರಸಾದ್ ಅಂದು ಸಂಜೆ ಹೇಳಿದರು: “ನಾವು ಮೊದ್ಲೇ ಉಷಾ ಅವರನ್ನ ಕೇಳಿದ್ವಿ ಕಣಮ್ಮ. ಆ ಹುಡುಗಿಗೆ ನಾನು ಧ್ವನಿ ಕೊಡಲ್ಲ ಅಂದ್ಬಿಟ್ರು.” ಐದು ವರ್ಷದವಳಿದ್ದಾಗ ನನ್ನ ಬಾಯಲ್ಲಿ ಮಾತಾಡಿ ಹೆಸರು ಮಾಡಿದವರು, ನಾನು ಮುಳುಗುವಾಗ ಕೈ ಕೊಡಲಿಲ್ಲ ಎಂದುಕೊಂಡೆ. ಸಂದರ್ಶನ ಕೊಟ್ಟದ್ದು ಅದರ ಮರುವಾರ.

ಮುಂದಿನ ಚಿತ್ರಕ್ಕೆ ಯಾರೋ ಬೇರೆ ಹುಡುಗಿಯ ಧ್ವನಿ ಹಾಕಿದರು. ಅದೂ ಓಡಲಿಲ್ಲ. ಧಾರಾವಾಹಿಯಲ್ಲಿ ನಾಯಕಿಯ ನಾದಿನಿಯಾದೆ. ರಿಯಾಲಿಟಿ ಶೋಗೆ ಕರೆದು ತುಂಗಿಯ ಫ್ರಾಕ್ ಹೊಲಿಸಿ ತಂದರು, ಹಾಕಿಕೊಳ್ಳಿ ಎಂದರು. ಅಲ್ಲಿಂದ ನೇರ ಮನೆಗೆ ಬಂದೆ. ಮದುವೆಯಾಯಿತು, ಇಲ್ಲಿಗೆ ಬಂದೆ. ಇಲ್ಲಿ ಯಾರೂ ನನ್ನನ್ನು ಗುರುತು ಹಿಡಿಯುವುದಿಲ್ಲ. ಮೊದಲ ವರ್ಷ ಅದು ಎಷ್ಟು ಹಿತವಾಗಿತ್ತು ಎಂದರೆ ಕೊಂಬಿನಿ ಎನ್ನುವ ಬೀದಿಬದಿಯ ಅಂಗಡಿಯಲ್ಲಿ ಹಾಲು ತರಲು ಹೋಗುವುದೇ ಒಂದು ಸಂಭ್ರಮ.

ಸಿನಿಮಾ ವಿಷಯ ನಿಜ. ನಿರ್ದೇಶಕಿ ಮೊರಿತಾ ಸಾನ್ (ಇಲ್ಲಿ ಗೌರವಕ್ಕೆ ಹೆಸರಿನ ಜೊತೆ ‘ಸಾನ್’ ಸೇರಿಸುತ್ತಾರೆ). ಡಬ್ಬಿ ಊಟ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುವ ಭಾರತದ ಹೆಂಗಸಿನ ಕಥೆ. ನಾನು ಜಪಾನೀಸ್ ಕಲಿಯುತ್ತಿದ್ದ ವಾರ್ಡ್ ಕಚೇರಿಯ ತರಗತಿಗೆ ಬಂದು, ಎಲ್ಲರೂ ಒಂದು ಪುಟ ಓದುವುದನ್ನು ಕೇಳಿ ನನ್ನನ್ನು ಕರೆದರು. “ನಿಮ್ಮ ಧ್ವನಿಗಾಗಿ” ಎಂದರು. ನಾನು ನಂಬಲಿಲ್ಲ. ಅಭಿಷೇಕನೇ ಇವರಿಗೂ ತುಂಗಿಯ ಕಥೆ ಹೇಳಿರಬೇಕು ಎಂಬ ಸಂಶಯ ಈಗಲೂ ಹೋಗಿಲ್ಲ. ನಿಮ್ಮಿಂದ ಮುಚ್ಚಿಟ್ಟದ್ದು ಅದಕ್ಕೇ. ಹೇಳಿದರೆ ಕೈ ತಪ್ಪಿ ಹೋಗುತ್ತದೆ ಎಂಬ ಭಯ.

ಇದನ್ನು ಬರೆಯಬೇಕೋ ಬೇಡವೋ ತಿಳಿಯದು. ನನ್ನ ಗಂಡ ಶ್ರೀಹರ್ಷನೂ ಏನೋ ಮುಚ್ಚಿಡುತ್ತಿದ್ದಾನೆ. ಅಭಿಷೇಕನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದವನು ನಾನು ಬಂದರೆ ಬಾಲ್ಕನಿಗೆ ಹೋಗುತ್ತಾನೆ. ನಮ್ಮ ನಿಧಿಗೆ ಆರು ವರ್ಷ. “ಏನು ಪುಟ್ಟಾ?” ಎಂದು ಕೇಳಿದರೆ ಬಾಯಿ ಮೇಲೆ ಬೆರಳಿಟ್ಟು “ಹಿಮಿತ್ಸು” ಎನ್ನುತ್ತಾಳೆ. ಹಾಗೆಂದರೆ ಗುಟ್ಟು. ನನ್ನ ಪರವಾಗಿ ಅವನೇ ಎಲ್ಲೋ ಒಪ್ಪಿಗೆ ಕೊಟ್ಟಿದ್ದಾನೆ ಎಂದು ನನಗೆ ಬಲವಾಗಿ ಅನಿಸುತ್ತಿದೆ. ಚಿಕ್ಕವಳಿದ್ದಾಗ ಅಪ್ಪ ಕೊಡುತ್ತಿದ್ದರಲ್ಲ, ಹಾಗೆ.

ಜಾಹ್ನವಿ


ಬೆಂಗಳೂರು
4 ಆಗಸ್ಟ್ 2025

ಜಾಹ್ನವಿ,

ಇನ್ನು ‘ನೀವು’ ಎಂದು ಬರೆಯಲು ನನ್ನಿಂದಾಗದು. ತಪ್ಪು ತಿಳಿಯಬೇಡ.

ಅಂದು ಸ್ಟುಡಿಯೋದಲ್ಲಿ ನಾನು ಆಡಿದ ಮಾತು ಮೂರು ವಾಕ್ಯ. ನಿನ್ನ ದೃಶ್ಯ ಹಾಕಿ ಕೇಳಿಸಿದರು. ನಾನು ಹೆಡ್‌ಫೋನ್ ತೆಗೆದಿಟ್ಟು ಹೇಳಿದೆ: “ಸಾರ್, ತುಂಗಿ ಬೆಳೆದ್ರೆ ಹೀಗೇ ಮಾತಾಡೋದು. ಆ ಹುಡುಗಿಗೆ ನಾನು ಧ್ವನಿ ಕೊಡಲ್ಲ. ಕೊಟ್ರೆ ಅವಳು ಯಾವತ್ತೂ ದೊಡ್ಡವಳಾಗಲ್ಲ.” ರಾಮಪ್ರಸಾದ್ ನಿನಗೆ ನಡುವಿನ ವಾಕ್ಯವನ್ನು ಮಾತ್ರ ತಲುಪಿಸಿದ್ದಾರೆ.

ಇದಕ್ಕೆ ಸಾಕ್ಷಿ ಇಲ್ಲ. ಸೌಂಡ್ ಇಂಜಿನಿಯರ್ ತೀರಿಕೊಂಡರು. ನನ್ನ ಮಾತೇ ಸಾಕ್ಷಿ.

ಈಗ ಕೇಳು. ಹೋದ ವಾರ ರಾಮಪ್ರಸಾದ್ ಕಚೇರಿಗೆ ಕರೆಸಿದರು. ಸಹಿ ಹಾಕುವುದಿಲ್ಲ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. “ಕೂತ್ಕೊಳ್ಳಿ ಮೇಡಂ, ಒಂದು ಸ್ಯಾಂಪಲ್ ತೋರಿಸ್ತೀನಿ” ಎಂದು ದೊಡ್ಡ ಪರದೆ ಹಾಕಿದರು.

ತುಂಗಿ ಬಂದಳು. ಅದೇ ಗುಂಗುರು ಕೂದಲು, ಅದೇ ಚುಕ್ಕಿ ಫ್ರಾಕ್. ನಾನು ಎಂದೂ ಆಡದ ಮಾತನ್ನು ನನ್ನ ಧ್ವನಿಯಲ್ಲಿ ಆಡಿದಳು. ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಮಾತು ಮಾತಿನ ನಡುವೆ ಉಸಿರಿಲ್ಲ. ಮಗು ಓಡಿ ಬಂದು ಮಾತಾಡುತ್ತದೆ, ಏದುಸಿರಿಲ್ಲ. ಹಳೆಯ ಚಿತ್ರಗಳಿಂದಲೇ ಧ್ವನಿ ತೆಗೆದಿದ್ದಾರೆ. ಅವರಿಗೆ ಬೇಕಾಗಿರುವುದು ನಾವಲ್ಲ, ನಾವು ನಾಳೆ ಜಗಳ ತೆಗೆಯುವುದಿಲ್ಲ ಎಂಬ ಸಹಿ.

ಮುಖದ ವಿಷಯದಲ್ಲಿ ಮಾತ್ರ ನನಗೊಂದು ಅರ್ಥವಾಗಲಿಲ್ಲ. ತುಟಿಗೆ ಮಾತು ಕೂಡಿಸಲು ನಿನ್ನ ಮುಖವನ್ನು ನಿನ್ನ ತಾಯಿಗಿಂತ ಹೆಚ್ಚು ನೋಡಿದವಳು ನಾನು. ನೀನು ಅಳುವ ಮೊದಲು ಕೆಳತುಟಿಯನ್ನು ಎಡಕ್ಕೆ ಎಳೆಯುತ್ತಿದ್ದೆ. ಪರದೆಯ ಮೇಲಿನ ಮಗು ಹಾಗೆ ಮಾಡಲಿಲ್ಲ, ಮೂಗು ಸುಕ್ಕಿಸಿತು. ಕೊನೆಗೆ ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ಸೊಂಟದಿಂದ ಬಗ್ಗಿ ತಲೆ ತಗ್ಗಿಸಿತು. ಮೂರು ಚಿತ್ರಗಳಲ್ಲಿ ಎಲ್ಲೂ ನೀನು ಹಾಗೆ ಮಾಡಿಲ್ಲ. ಯಂತ್ರ ಅದನ್ನು ಎಲ್ಲಿಂದ ಕಲಿಯಿತು? ನೀನು ಈಗ ಹೊಸದಾಗಿ ಅವರಿಗೆ ನಟಿಸಿ ಕೊಟ್ಟಿದ್ದೀಯಾ? ಕೇಳಲೇಬೇಕಾಗಿದೆ, ಅದಕ್ಕೆ ಕೇಳುತ್ತಿದ್ದೇನೆ.

ಉಷಾ


ಕಾವಾಸಾಕಿ
15 ಆಗಸ್ಟ್ 2025

ಉಷಮ್ಮ,

ಅದು ನಾನಲ್ಲ. ಅದು ನಿಧಿ.

ಮಗು ಸೊಂಟದಿಂದ ಬಗ್ಗಿತು ಎಂಬ ಸಾಲನ್ನು ಎರಡು ಸಲ ಓದಿದೆ. ಇಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಹಾಗೆಯೇ ನಮಸ್ಕರಿಸಲು ಕಲಿಸುತ್ತಾರೆ. ಅಳು ಬರುವಾಗ ಮೂಗು ಸುಕ್ಕಿಸುವುದು ನನ್ನ ಮಗಳು.

ಶ್ರೀಹರ್ಷ ಆಫೀಸಿನಿಂದ ಬರುವವರೆಗೆ ಕಾಯಲಾಗಲಿಲ್ಲ, ಸ್ಟೇಷನ್ನಿಗೇ ಹೋದೆ. ಟಿಕೆಟ್ ಗೇಟಿನ ಈಚೆ ಬಂದವನಿಗೆ ಪತ್ರವನ್ನು ಕೊಟ್ಟು “ಓದು” ಎಂದೆ. ಓದಿದ.

“ಜಾನೂ, ಅದು ನಿನ್ನ ಬರ್ತ್‌ಡೇಗೆ ಅಂತ ಕಣೇ” ಎಂದ.

ಮೇ ತಿಂಗಳ ಒಂದು ಭಾನುವಾರ ನಾನು ರಿಹರ್ಸಲ್‌ಗೆ ಹೋದಾಗ ಅಭಿಷೇಕ ಚಕ್ಕುಲಿ ಡಬ್ಬಿ ಹಿಡಿದು ಮನೆಗೆ ಬಂದನಂತೆ. ತುಂಗಿಯ ಹಳೆಯ ದೃಶ್ಯಗಳನ್ನು ನಿಧಿಯ ಹತ್ತಿರ ಮಾಡಿಸಿ, ಎರಡನ್ನೂ ಜೋಡಿಸಿ, ನನಗೊಂದು ಉಡುಗೊರೆ ಮಾಡೋಣ ಎಂದನಂತೆ. ಬಿಳಿ ಗೋಡೆಯ ಮುಂದೆ ನಿಲ್ಲಿಸಿ ನಗು, ಅಳು, ಆ ಕಡೆ ತಿರುಗು, ಈ ಕಡೆ ತಿರುಗು ಎಂದು ಮಧ್ಯಾಹ್ನವೆಲ್ಲ ವಿಡಿಯೋ ಮಾಡಿದ್ದಾನೆ. ಅಳು ಬರದಿದ್ದಾಗ “ಅಮ್ಮ ಇನ್ನು ಬರೋದೇ ಇಲ್ಲ ಅಂದ್ಕೋ” ಎಂದನಂತೆ. ಅದನ್ನು ಹೇಳಿ ಹರ್ಷ ಪತ್ರವನ್ನು ಮಡಚಿ ನನ್ನ ಕೈಗಿಟ್ಟ. “ಆಗ್ಲೇ ನಿಲ್ಲಿಸ್ಬೇಕಿತ್ತು ನಾನು” ಎಂದ. ಬಾಲ್ಕನಿಯಲ್ಲಿ ಪಿಸುಗುಟ್ಟಿದ್ದು ‘ಉಡುಗೊರೆ ಯಾವಾಗ ಸಿದ್ಧವಾಗುತ್ತದೆ’ ಎಂದು ಕೇಳಲು. ನನ್ನ ಸಂಶಯ ಸರಿಯಾಗಿತ್ತು, ಮನುಷ್ಯ ಮಾತ್ರ ತಪ್ಪಾಗಿದ್ದ.

ಮರುದಿನ ಮುಸಾಶಿ ಕೊಸುಗಿಯ ಕಾಫಿ ಅಂಗಡಿಗೆ ಅಭಿಷೇಕನನ್ನು ಕರೆಸಿದೆವು. ಮೊದಲು ಏನೂ ಇಲ್ಲ ಎಂದ. ನಿಮ್ಮ ಪತ್ರದ ಸಾಲು ಓದಿದ ಮೇಲೆ, “ಟೆಸ್ಟಿಂಗ್‌ಗೆ ಅಷ್ಟೆ ಮೇಡಂ. ಹಳೇ ಪ್ರಿಂಟ್ ಎಲ್ಲ ಹಾಳಾಗಿದೆ, ಮುಖ ಕ್ಲಿಯರ್ ಇಲ್ಲ. ಮಗು ಮುಖ ಹೇಗೂ ನಿಮ್ದೇ ಅಲ್ವಾ?” ಎಂದ.

“ಅವಳ ಮುಖ ಅವಳದು” ಎಂದೆ. ಜೋರಾಗಿ ಹೇಳಿರಬೇಕು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಹರ್ಷ ಅವರಿಗೆ ಸುಮಿಮಾಸೆನ್ ಎಂದು ಕ್ಷಮೆ ಕೇಳಿದ. ಆದರೆ ಅಭಿಷೇಕ ಏಳದ ಹಾಗೆ ದಾರಿಗೆ ಅಡ್ಡವಾಗಿ ಕೂತಿದ್ದ. ಕೊನೆಗೆ ಅಭಿಷೇಕ ಬಾಯಿ ಬಿಟ್ಟ. ಆ ವಿಡಿಯೋಗಳೆಲ್ಲ ಅವನ ಮಾವ ರಾಮಪ್ರಸಾದ್ ಬಳಿ ಇವೆ, ಈ ತಿಂಗಳ ಕೊನೆಗೆ ಪತ್ರಿಕಾಗೋಷ್ಠಿ ಕರೆದು ತುಂಗಿಯ ತುಣುಕು ಬಿಡುತ್ತಾರೆ.

ವಕೀಲರ ನೋಟಿಸ್ ಕಳಿಸುತ್ತಿದ್ದೇವೆ. ಅದು ತಲುಪುವಷ್ಟರಲ್ಲಿ ತುಣುಕು ಲಕ್ಷ ಫೋನುಗಳಿಗೆ ಹೋಗಿರುತ್ತದೆ. ಈ ಲಕೋಟೆಯಲ್ಲಿ ಒಂದು ಪೆನ್ ಡ್ರೈವ್ ಇದೆ. ಅದರಲ್ಲಿ ನಾನು ಮಾತಾಡಿದ್ದೇನೆ. ಬರೀ ಮಾತು, ಮುಖ ಇಲ್ಲ. ಗೋಷ್ಠಿಯಲ್ಲಿ ಅದನ್ನು ಕೇಳಿಸಿ. ಕಳಿಸುವ ಮೊದಲು ಬಹಳ ಹಿಂದೆ ಮುಂದೆ ನೋಡಿದೆ. ನೀವು ಅವರ ಕಡೆಯವರಾಗಿದ್ದರೆ ನನ್ನ ಈಗಿನ ಧ್ವನಿಯನ್ನೂ ನಾನೇ ಅವರ ಕೈಗೆ ಕೊಟ್ಟಂತಾಯಿತು. ಆದರೂ ಕಳಿಸುತ್ತಿದ್ದೇನೆ.

ಜಾಹ್ನವಿ


ಬೆಂಗಳೂರು
8 ಸೆಪ್ಟೆಂಬರ್ 2025

ಜಾಹ್ನವಿಗೆ,

ಪೆನ್ ಡ್ರೈವ್ ಬಂತು. ಒಬ್ಬಳೇ ಕೂತು ಕೇಳಿದೆ. ಯಾರಿಗೂ ಪ್ರತಿ ಕೊಟ್ಟಿಲ್ಲ. ಗೋಷ್ಠಿ ಮುಗಿದ ದಿನ ಅದನ್ನು ಒಡೆದು ಹಾಕಿದೆ.

ಹೋಟೆಲಿನ ಸಭಾಂಗಣ, ತುಂಬ ಜನ, ಕ್ಯಾಮೆರಾಗಳು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾನು ಬಂದದ್ದೇ ಒಪ್ಪಿಗೆ ಎಂದುಕೊಂಡಿದ್ದರು. ತುಣುಕು ಹಾಕುವ ಮೊದಲು “ತುಂಗಿಯ ಧ್ವನಿ ನಮ್ಮೊಂದಿಗಿದ್ದಾರೆ, ಎರಡು ಮಾತಾಡ್ತಾರೆ” ಎಂದು ಮೈಕ್ ಕೊಟ್ಟರು. ನಾನು ಮೊಮ್ಮಗಳ ಸ್ಪೀಕರ್ ಒಯ್ದಿದ್ದೆ. ಅದನ್ನು ಮೈಕಿನ ಪಕ್ಕ ಇಟ್ಟು ನಿನ್ನ ಮಾತು ಹಾಕಿದೆ.

ನೀನು ನಿನ್ನ ಹೆಸರು ಹೇಳಿ, ನಾನು ಒಪ್ಪಿಲ್ಲ ಎಂದೆ. ಈ ತುಂಗಿಯೊಳಗೆ ಇರುವುದು ನನ್ನ ಮಗಳು, ಅವಳನ್ನು ಯಾರೂ ನನ್ನ ಬಳಿ ಕೇಳಿಲ್ಲ ಎಂದೆ. ಅಷ್ಟರಲ್ಲಿ ರಾಮಪ್ರಸಾದ್ ಎದ್ದು ನಿಂತರು. “ಇದು ಯಾರೋ ಏನೋ. ಇದು ಜಾಹ್ನವಿ ಅಂತ ಏನು ಗ್ಯಾರಂಟಿ? ತುಂಗಿ ಧ್ವನಿ ನಾವು ಕೇಳಿಲ್ವಾ?” ಹಿಂದಿನಿಂದ ಯಾರೋ ನಕ್ಕರು. ಹನ್ನೊಂದು ವರ್ಷದ ಹಿಂದೆ ನೀನು ಕೇಳಿದ ನಗು ಎಂಥದ್ದು ಎಂದು ನನಗೆ ಆಗ ತಿಳಿಯಿತು.

ನಾನು ಮೈಕ್ ಹಿಡಿದು ತುಂಗಿಯ ಧ್ವನಿಯಲ್ಲಿ, ಎಲ್ಲರಿಗೂ ಬಾಯಿಪಾಠವಿರುವ ಆ ಮಾತನ್ನು ಹೇಳಿದೆ. ಅಪ್ಪನನ್ನು ಹುಡುಕುತ್ತ ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತಾಳಲ್ಲ, “ನಂಗೇನೂ ಭಯ ಇಲ್ಲ, ಆದ್ರೆ ಬೇಗ ಬಾ.” ಬಿಳಿ ಕೂದಲಿನ ಮುದುಕಿಯ ಬಾಯಿಂದ ಆ ಮಗು ಮಾತಾಡಿದಾಗ ಕ್ಯಾಮೆರಾಗಳೆಲ್ಲ ನನ್ನ ಕಡೆ ತಿರುಗಿದವು. ಆಮೇಲೆ ನನ್ನ ಸ್ವಂತ ಧ್ವನಿಯಲ್ಲಿ ಹೇಳಿದೆ: “ತುಂಗಿ ಮಾತು ನನ್ನದು. ಈಗ ನೀವು ಕೇಳಿದ್ದು ಜಾಹ್ನವಿಯದು. ನಾವಿಬ್ಬರೂ ಕೊಟ್ಟಿಲ್ಲ.”

ತುಣುಕು ಹಾಕಲಿಲ್ಲ. ನಿಮ್ಮ ವಕೀಲರ ನೋಟಿಸ್ ಎರಡು ದಿನಕ್ಕೆ ಬಂತು. ಸಿನಿಮಾ ನಿಲ್ಲಿಸಿದ್ದೇವೆ, ಮಗುವಿನ ವಿಡಿಯೋ ಎಲ್ಲ ಅಳಿಸಿದ್ದೇವೆ ಎಂದು ಬರೆದುಕೊಟ್ಟಿದ್ದಾರೆ. ಅಳಿಸಿದ್ದಾರೆ ಎಂದು ನಾನು ನಂಬುವುದಿಲ್ಲ. ನೀನೂ ನಂಬಬೇಡ. ವರ್ಷಕ್ಕೊಮ್ಮೆಯಾದರೂ ಹುಡುಕಿ ನೋಡುತ್ತಿರು.

ನನ್ನನ್ನು ಕರೆಯುತ್ತಿದ್ದ ಸ್ಟುಡಿಯೋಗಳು ಸುಮ್ಮನಾಗಿವೆ. ಅದಕ್ಕೆ ನೀನು ಕೊರಗುವುದು ಬೇಡ. ನಿನ್ನ ಮಾತನ್ನು ಅಲ್ಲಿ ಕೇಳಿಸಿದಾಗ ನನಗೆ ಅನಿಸಿದ್ದು ಒಂದೇ, ಅಂದು ಸ್ಟುಡಿಯೋದಲ್ಲಿ ನಾನು ಬೇಡ ಎಂದದ್ದು ಸರಿಯಾಗಿತ್ತು.

ನಿನ್ನ,
ಉಷಮ್ಮ


ಕಾವಾಸಾಕಿ
23 ನವೆಂಬರ್ 2025

ಪ್ರೀತಿಯ ಉಷಮ್ಮ,

ಚಿತ್ರೀಕರಣ ಮುಗಿಯುವವರೆಗೆ ಬರೆಯಲಾಗಲಿಲ್ಲ. ಮೊನ್ನೆ ಮುಗಿಯಿತು.

ಮೊರಿತಾ ಸಾನ್ ಅವರನ್ನು ನೇರವಾಗಿ ಕೇಳಿಯೇಬಿಟ್ಟೆ, ನನ್ನ ಹಳೆಯ ಚಿತ್ರಗಳ ವಿಷಯ ನಿಮಗೆ ಗೊತ್ತಿತ್ತೇ ಎಂದು. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೋಯಿತಲ್ಲ ಎಂದು ಸಂಕೋಚಪಟ್ಟುಕೊಂಡು ಎರಡು ಸಲ ಕ್ಷಮೆ ಕೇಳಿದರು. ನಾನು ಸುಮ್ಮನೆ ಇಷ್ಟು ತಿಂಗಳು ಅವರನ್ನು ಓರೆಗಣ್ಣಿನಿಂದ ನೋಡಿದೆ.

ಒಂದು ದಿನ ಶಾಲೆಗೆ ರಜೆ ಇತ್ತೆಂದು ನಿಧಿಯನ್ನು ಕರೆದುಕೊಂಡು ಹೋಗಿದ್ದೆ. ಕಾರ್ಖಾನೆಯ ಗೇಟಿನ ಹತ್ತಿರ ತಾಯಿಯನ್ನು ಕಾಯುವ ಮಗುವಿನ ದೃಶ್ಯ. ಬರಬೇಕಿದ್ದ ಹುಡುಗಿಗೆ ಜ್ವರ. ಮೊರಿತಾ ಸಾನ್ ನಿಧಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಹಳ ಮೆಲ್ಲಗೆ, ನಿಮ್ಮಿಬ್ಬರಿಗೂ ಇಷ್ಟವಿದ್ದರೆ ಮಾತ್ರ ಎಂದು ಶುರು ಮಾಡಿದರು. ವಾಕ್ಯ ಮುಗಿಯುವ ಮೊದಲೇ ನಾನು ಆಗುವುದಿಲ್ಲ ಎಂದೆ. ಅವರು ತಕ್ಷಣ ತಲೆಯಾಡಿಸಿ, ಬೇರೆ ದಿನ ತೆಗೆಯೋಣ ಎಂದರು. ಸಮಸ್ಯೆ ಅವರದಲ್ಲ.

“ನನ್ನ ಕೇಳ್ಲೇ ಇಲ್ಲ” ಎಂದಳು ನಿಧಿ.

“ನೀನಿನ್ನೂ ಚಿಕ್ಕವಳು ಪುಟ್ಟಾ.”

“ಅಮ್ಮ ಝುರುಯ್. ನೀನ್ ಮಾತ್ರ ಮಾಡ್ತೀಯ.”

ಝುರುಯ್ ಎಂದರೆ ಇಲ್ಲಿನ ಮಕ್ಕಳ ಬಾಯಲ್ಲಿ ಮೋಸ, ಅನ್ಯಾಯ. ಮನೆಗೆ ಬರುವವರೆಗೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹರ್ಷ ಬಂದ ಮೇಲೆ ಅವನ ಹತ್ತಿರ ಜಪಾನೀಸ್‌ನಲ್ಲಿ ನನ್ನ ಮೇಲೆ ದೂರು ಹೇಳಿದಳು. ಅವನು ನನ್ನ ಪರವೂ ಮಾತಾಡಲಿಲ್ಲ, ಅವಳ ಪರವೂ ಮಾತಾಡಲಿಲ್ಲ. ತಟ್ಟೆಗೆ ಅನ್ನ ಬಡಿಸಿದ.

ನನ್ನನ್ನು ಆಗ ಯಾರೂ ಕೇಳಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡು ಬಂದಿದ್ದೇನೆ. ನಿಧಿಯ ಬೆನ್ನು ನೋಡುತ್ತ ಕೂತಾಗ ಬೇರೆ ಒಂದು ಯೋಚನೆ ಬಂತು. ಕೇಳಿದ್ದರೆ ನಾನೂ ಹ್ಞೂಂ ಎನ್ನುತ್ತಿದ್ದೆ, ಕುಣಿದುಕೊಂಡು ಹೋಗುತ್ತಿದ್ದೆ. ಕ್ಯಾಮೆರಾ ಎದುರು ನಿಲ್ಲುವುದು ನನಗೆ ಇಷ್ಟವಿತ್ತು, ಉಷಮ್ಮ. ಈಗಲೂ ಇಷ್ಟ. ಅವಳಿಗೂ ಇರಬಹುದು. ಐದಾರು ವರ್ಷದ ಮಗುವನ್ನು ಕೇಳುವುದೂ ಕೇಳದಿರುವುದೂ ಒಂದೇ ಎಂದು ಅಪ್ಪ ಅಂದುಕೊಂಡಿದ್ದರೇನೋ. ಅಪ್ಪನ ಮೇಲಿನ ಸಿಟ್ಟು ಹೋಗಿದೆ ಎನ್ನುತ್ತಿಲ್ಲ. ಸಿಟ್ಟಿನ ಪಕ್ಕದಲ್ಲಿ ಸ್ವಲ್ಪ ಜಾಗವಾಗಿದೆ.

ಇವತ್ತು ಬೆಳಗ್ಗೆ ಹರ್ಷನ ಜೊತೆ ಪಾರ್ಕಿಗೆ ಹೊರಟವಳು ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ ಕೇಳಿದಳು: “ಎಷ್ಟು ದೊಡ್ಡೋಳಾದ್ರೆ ಮಾಡ್ಬಹುದು?”

“ನಾನು ಬೇಡ ಅಂದ್ರೂ ಮಾಡ್ತೀನಿ ಅನ್ನೋಷ್ಟು ದೊಡ್ಡೋಳಾದಾಗ” ಎಂದೆ.

ಅವಳು ಇನ್ನೊಂದು ಬೂಟನ್ನೂ ಹಾಕಿಕೊಂಡಳು. ಎದ್ದು ಬಾಗಿಲು ತೆಗೆದು, ನನಗೆ ಟಾಟಾ ಮಾಡದೆ ಹೋದಳು. ಕೋಪ ಇನ್ನೂ ಇಳಿದಿಲ್ಲ.

ನಿಮ್ಮ,
ಜಾಹ್ನವಿ